ಭಂಗಾರದಾಗಿಂದ ಎದ್ದ ದೇವಣಿ ಎತ್ತು

ನಮ್ ಕಲಬುರಗ್ಯಾಗ ಗುಜರಿಗೆ ಭಂಗಾರ ಅಂತೀವಿ. ಹಳೆ ಕಬ್ಬಿಣ ತಂದು ಮನಿ ಹಿಂದ ಒಟ್ಟಲಾಕ ಹತ್ತಿದಾಗ ಅವ್ವ "ಮಂದಿ ಮಕ್ಕಳು ಬಂಗಾರ ತರ್ತಾರ, ನೀ ಭಂಗಾರ ತರ್ತಿ" ಅಂತ ದಿನಾ ಬೈತಿದ್ಳು. ಅದರಾಗ ಮಾಡ್ಬೇಕು ಅಂತಿದ್ದದ್ದು ನಮ್ ಕಡಿ ದೇವಣಿ ತಳಿ ಎತ್ತಿನ ಮೂರ್ತಿ, ತಲಿ, ಕುತ್ತಿಗಿ, ಹಿಣಿಲು (ಹೆಗಲ ಮ್ಯಾಲಿನ ಡುಬ್ಬ) ಇಷ್ಟೇ.

ಚಿತ್ರಕಾರ ಪಿಕಾಸೊ 1942ರಾಗ ಸೈಕಲ್ ಸೀಟು, ಹ್ಯಾಂಡಲ್ ಎರಡೇ ಜೋಡಿಸಿ ಗೂಳಿ ತಲಿ ಮಾಡಿದ್ದ ನೋಡ್ರಿ, ಅದನ್ನ ತಲ್ಯಾಗ ಇಟ್ಕೊಂಡು ನಾನೂ ಮೊದಲು ಹ್ಯಾಂಡಲ್ಲೇ ಕೊಂಬು ಮಾಡ್ದೆ, ಆದ್ರ ಅದು ನಮ್ ಎತ್ತು ಅನ್ನಿಸ್ಲೇ ಇಲ್ಲ, ತಗದು ಒಗದೆ. ದೇವಣಿ ಅಂದ್ರ ಹಣಿ ಉಬ್ಬಿರ್ಬೇಕು, ಕಿವಿ ಜೋತು ಬಿದ್ದಿರ್ಬೇಕು. ಭಂಗಾರ ಅಂಗಡಿ ಚಾಚಾನ ಹತ್ರ ಒಡದ ನೀರಿನ ಪಂಪಿನ ಕೇಸಿಂಗ್ ಬಿದ್ದಿತ್ತು, ನೋಡಿದ ಕೂಡ್ಲೇ ಹಣಿ ಸಿಕ್ತು ಅಂದ್ಕೊಂಡೆ.

ಅಲ್ಲೇ ಕೆಟ್ಟೆ. ಕೇಸಿಂಗ್ ಬೀಡು ಕಬ್ಬಿಣ, ಅಂದ್ರ ಎರಕದ್ದು, ನಾ ಹಚ್ಚಿದ್ದು ದಿನಾ ಗೇಟಿಗೆ ಹಚ್ಚೋ 6013 ಅನ್ನೋ ಸಾದಾ ಬೆಸುಗಿ ರಾಡ್. ಸಂಜೀಕ ಬೆಸುಗಿ ಛಂದ ಕುಂತಂಗ ಕಾಣ್ತಿತ್ತು, ಆರಿದ ಮ್ಯಾಲ 'ಟಿಣ್' ಅಂತ ಸಪ್ಪಳ, ಹೋಗಿ ನೋಡಿದ್ರ ಬೆಸುಗಿ ಬಾಜೂಕ ಕೂದಲೆಳಿಯಷ್ಟು ಬಿರುಕು. ಬೀಡಿಗೆ ಮೊದಲು ಕಾಸಿ, ನಿಕ್ಕಲ್ ರಾಡ್ ಹಚ್ಚಿ, ಬೂದ್ಯಾಗೋ ಉಸುಕಿನ್ಯಾಗೋ ಮುಚ್ಚಿ ಮೆಲ್ಲಕ ಆರಿಸ್ಬೇಕು, ನಿಕ್ಕಲ್ ರಾಡ್ ನನ್ನ ಜೇಬಿಗೆ ಭಾರ, ಹಿಂಗಾಗಿ ತೂತು ಕೊರದು ಬೋಲ್ಟ್ ಹಾಕ್ದೆ. ಈಗ ಯಾವ ತುಂಡು ಬಂದ್ರೂ ಮೊದಲು ಗ್ರೈಂಡರ್ ಮುಟ್ಟಿಸಿ ಕಿಡಿ ನೋಡ್ತೀನಿ. ಮೆತ್ತನ್ನ ಕಬ್ಬಿಣದ್ದು ಉದ್ದಕ ಹಳದಿ ಹಾರ್ತದ, ಬೀಡಿಂದು ಗಿಡ್ಡ, ಮಂಕು ಕೆಂಪು, ಸ್ಪ್ರಿಂಗ್ ಪಟ್ಟಿ ಅಂಥ ಗಟ್ಟಿ ಉಕ್ಕಿಂದು ಸುರಸುರಬತ್ತಿಯಂಗ ಚಿಟಪಟ ಒಡೀತದ.

ಕೊಂಬಿಗೆ ಟ್ರ್ಯಾಕ್ಟರ್ ಕಲ್ಟಿವೇಟರಿನ ಸವದ ಹಲ್ಲು, ಬಾಗು ತಾನೇ ಬಂದಿರ್ತದ, ಬೋಲ್ಟಿನ ತೂತೂ ಇರ್ತಾವ. ಕಿವಿ ಬೈಕಿನ ಮಡ್‌ಗಾರ್ಡಿಂದು. ಹಿಣಿಲಿಗೆ ಭಜಿ ಅಂಗಡಿಯವ್ರು ಒಗದಿದ್ದ ಕಡಾಯಿ. ಗಂಗೆದೊಗಲಿಗೆ (ಕುತ್ತಿಗಿ ಕೆಳಗ ಜೋಲೋ ತೊಗಲು) ಸೈಕಲ್ ಚೈನು, ಸೀಮೆಎಣ್ಣ್ಯಾಗ ನೆನಸಿ ಗ್ರೀಸ್ ತಗದು ಮ್ಯಾಲಿನ ತುದಿ ಅಷ್ಟೇ ಬೆಸದೀನಿ, ಕೆಳಗ ಬಿಟ್ಟೀನಿ, ಗಾಳಿಗಲ್ಲ, ಕೈ ತಾಗಿದ್ರ ಅಲ್ಲಾಡ್ತದ. ಇಡೀ ಕೆಲಸದಾಗ ನನಗ ಮನಸಿಗೆ ಬಂದದ್ದು ಅದೊಂದೇ.

ಇನ್ನೊಂದು, ಜಿ.ಐ. ಪೈಪು ಬೆಸೆಯೋ ಮುಂದ ಮ್ಯಾಲಿನ ಸತುವು ತಿಕ್ಕಿ ತಗೀರಿ. ನಾ ಹಂಗೇ ಬೆಸದು, ಸತುವಿನ ಹೊಗಿ ಕುಡದು, ರಾತ್ರಿ ಚಳಿ ಜ್ವರ ಬಂದು ಎರಡು ಕೌದಿ ಹೊತ್ಕೊಂಡು ನಡುಗೀನಿ, ಅದೂ ಮೇ ತಿಂಗಳಾಗ! ಹಳೆ ಪೆಟ್ರೋಲ್ ಟ್ಯಾಂಕ್ ಅಂತೂ ಮುಟ್ಟಲೇ ಬ್ಯಾಡ್ರಿ, ಖಾಲಿ ಕಂಡ್ರೂ ಒಳಗಿನ ಆವಿ ಬಾಂಬ್ ಇದ್ದಂಗ.

ಬಣ್ಣ ಹಚ್ಚಿಲ್ಲ. ತುಕ್ಕು ಬರ್ಲಿ ಅಂತ ಬಿಟ್ಟು, ಉದುರೋದನ್ನ ತಂತಿ ಬ್ರಷ್‌ಲಿಂದ ತಿಕ್ಕಿ, ಮ್ಯಾಲ ಗಾಣದ ಅಗಸಿ ಎಣ್ಣಿ ತೆಳ್ಳಗ ಒರಸ್ದೆ. ಹಸಿ ಎಣ್ಣಿ ಬೇಗ ಒಣಗಂಗಿಲ್ಲ, ವಾರಗಟ್ಟಲೆ ಅಂಟ್ಕೊಂಡೇ ಇತ್ತು, ಊರ ಧೂಳೆಲ್ಲ ಅದರ ಮ್ಯಾಲೇ. ಒರಸಿದ ಅರಿವಿ ಮುದ್ದಿ ಮಾಡಿ ಮೂಲ್ಯಾಗ ಇಡಬ್ಯಾಡ್ರಿ, ತಾನೇ ಕಾದು ಹೊತ್ಕೋತದ. ಬಿಚ್ಚಿ ಒಣಗಹಾಕ್ರಿ.

ಶಹಾಬಾದ ಪರ್ಸಿ ಮ್ಯಾಲ ನಿಲ್ಲಿಸಿದ ದಿನ ಅಪ್ಪ ಬಂದ. ಟ್ರ್ಯಾಕ್ಟರ್ ಬಂದ ಮ್ಯಾಲ ಎತ್ತು ಮಾರಿದ ಮನುಷ್ಯ. ಸುತ್ತ ಹಾಕಿದ, ಚೈನು ಅಲ್ಲಾಡಿಸಿದ, "ಹಿಣಿಲು ನಾಲ್ಕು ಬೆರಳು ಮುಂದ ಬಂದದಲ್ಲೋ, ನೊಗ ಎಲ್ಲಿ ಕುಂದ್ರಬೇಕು?" ಅಂದ.

ಕಡಾಯಿ ಬಿಚ್ಚೀನಿ. ನಾಳೆ ಕರೆಂಟ್ ಇದ್ರ ಹಿಂದ ಸರಿಸಿ ಬೆಸೀತೀನಿ.