ಗ್ಯಾಸ್ ಗ್ಯಾಂಗ್ರೀನ್: ಆ್ಯಂಟಿಬಯೋಟಿಕ್, ಚಾಕು, ಆಮ್ಲಜನಕದ ಕೋಣೆ

ತೊಡೆ ಜಜ್ಜಿದ ಗಾಯಕ್ಕೆ ಹೊಲಿಗೆ ಹಾಕಿ ಒಂದು ದಿನವೂ ಆಗಿರುವುದಿಲ್ಲ, ಇಂಜೆಕ್ಷನ್‌ಗೂ ಜಗ್ಗದ ನೋವು ಶುರು. ಮೇಲ್ನೋಟಕ್ಕೆ ಗಾಯ ಅಷ್ಟೇನೂ ಕೆಟ್ಟಿಲ್ಲ. ಗ್ಯಾಸ್ ಗ್ಯಾಂಗ್ರೀನ್, ಅಂದರೆ ಬ್ಯಾಕ್ಟೀರಿಯಾ ಸ್ನಾಯುವನ್ನು ಕೊಂದು ಒಳಗೆ ಅನಿಲ ತುಂಬುವ ಸೋಂಕಿನ ಸಂಶಯ ಬರಬೇಕಾದ್ದು ಇಲ್ಲೇ. ಜ್ವರಕ್ಕಿಂತ ನಾಡಿ ಮುಂದೋಡುತ್ತಿದ್ದರೆ, ಬಿಳಿಚಿದ ಚರ್ಮ ಕಂಚಿನ ಬಣ್ಣಕ್ಕೆ ತಿರುಗುತ್ತಿದ್ದರೆ ಹೊಲಿಗೆ ಬಿಚ್ಚಿ. ಬೆರಳಿಂದ ಒತ್ತಿದಾಗ ಒಳಗೆ ಚರಚರ ಎನ್ನಬಹುದು. ದನಗಳ ಚಪ್ಪೆ ರೋಗ ಕಂಡ ರೈತರಿಗೆ ಈ ಸದ್ದು ಗೊತ್ತು. ಅದನ್ನು ತರುವುದೂ ಇದೇ ಕ್ಲಾಸ್ಟ್ರಿಡಿಯಂ ಕುಲದ ಬ್ಯಾಕ್ಟೀರಿಯಾ. ಸದ್ದಿಲ್ಲವೆಂದು ನಿರಾಳರಾಗಬೇಡಿ, ಅದು ತಡವಾಗಿಯೂ ಬರುತ್ತದೆ. ಗಾಯದ ನೀರಿನ ಗ್ರಾಂ ಸ್ಟೇನ್‌ನಲ್ಲಿ (ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ದಪ್ಪ ನೇರಳೆ ಕಡ್ಡಿಗಳಿದ್ದು ಕೀವುಕಣಗಳು ಕಾಣದಿದ್ದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ವರದಿಗೆ ಕಾಯುವ ಮಾತೇ ಇಲ್ಲ.

ವಯಸ್ಕರಿಗೆ ಪೆನಿಸಿಲಿನ್ ಜಿ 40 ಲಕ್ಷ ಯೂನಿಟ್ 4 ಗಂಟೆಗೊಮ್ಮೆ, ಕ್ಲಿಂಡಾಮೈಸಿನ್ 900 ಮಿ.ಗ್ರಾಂ 8 ಗಂಟೆಗೊಮ್ಮೆ, ಎರಡೂ ರಕ್ತನಾಳಕ್ಕೆ. ಬೇರೆ ಸೋಂಕೂ ಇರಬಹುದೆನಿಸಿದರೆ ಸದ್ಯಕ್ಕೆ ಪೆನಿಸಿಲಿನ್ ಬದಲು ಪೈಪರಾಸಿಲಿನ್-ಟಾಜೊಬ್ಯಾಕ್ಟಮ್ 4.5 ಗ್ರಾಂ 6 ಗಂಟೆಗೊಮ್ಮೆ, ಜೊತೆಗೆ ವ್ಯಾಂಕೊಮೈಸಿನ್. ಕ್ಲಿಂಡಾಮೈಸಿನ್ ಮಾತ್ರ ಬಿಡಬೇಡಿ: ಬ್ಯಾಕ್ಟೀರಿಯಾದ ವಿಷ ತಯಾರಿಕೆಗೆ ಅಡ್ಡ ಬರುವುದು ಅದೇ. ಪೆನಿಸಿಲಿನ್ ಬಾಟಲಿಯ ಲೇಬಲ್ ಓದಿ. ಪೊಟ್ಯಾಸಿಯಂ ಲವಣವಾದರೆ ದಿನದ 240 ಲಕ್ಷ ಯೂನಿಟ್‌ಗೆ ಸುಮಾರು 40 ಮಿಲಿ ಈಕ್ವಿವಲೆಂಟ್ ಪೊಟ್ಯಾಸಿಯಂ ಒಳಹೋಗುತ್ತದೆ. ಸ್ನಾಯು ಸತ್ತು ಪೊಟ್ಯಾಸಿಯಂ ಮೊದಲೇ ಏರಿರುತ್ತದೆ, ಕಿಡ್ನಿ ಸೋತಿದ್ದರಂತೂ ಹೃದಯಕ್ಕೇ ಕುತ್ತು. ಕಿಡ್ನಿ ನೋಡಿಕೊಂಡೇ ಡೋಸ್ ಇಳಿಸಿ.

ಸತ್ತ ಸ್ನಾಯುವಿಗೆ ರಕ್ತವೇ ಹರಿಯದು, ಔಷಧ ಎಲ್ಲಿಂದ ತಲುಪಬೇಕು? ಕತ್ತರಿಸಿ ತೆಗೆಯಲೇಬೇಕು. ಕಾಟರಿ (ವಿದ್ಯುತ್ತಿನಿಂದ ಕೊಯ್ಯುವ, ಸುಡುವ ಉಪಕರಣ) ತಾಗಿಸಿದಾಗ ಬದುಕಿದ ಸ್ನಾಯು ಮಿಡುಕುತ್ತದೆ, ಕೊಯ್ದರೆ ರಕ್ತ ಜಿನುಗುತ್ತದೆ. ಬೆಂದ ಮಾಂಸದಂತೆ ಮಸುಕಾಗಿ ಸುಮ್ಮನಿದ್ದದ್ದು ಹೋಗಲಿ. ಗಾಯ ತೆರೆದೇ ಇರಲಿ, 24 ಗಂಟೆಯೊಳಗೆ ಮತ್ತೆ ಬಿಚ್ಚಿ ನೋಡಿ.

ಆಮೇಲೆ ಹೈಪರ್‌ಬೇರಿಕ್ ಚೇಂಬರ್‌ನಲ್ಲಿ (ಒತ್ತಡ ಏರಿಸುವ ಮುಚ್ಚಿದ ಕೋಣೆ) 3 ವಾಯುಮಂಡಲ ಒತ್ತಡದ ಆಮ್ಲಜನಕ, ಸಲಕ್ಕೆ 90 ನಿಮಿಷ. ಮೊದಲ 24 ಗಂಟೆಯಲ್ಲಿ 3 ಸಲ, ಆಮೇಲೆ ರೋಗಿ ಹತೋಟಿಗೆ ಬರುವವರೆಗೆ ದಿನಕ್ಕೆರಡು. ಅಂಗಾಂಶದ ಆಮ್ಲಜನಕ 250 ಮಿ.ಮೀ. ಪಾದರಸ ದಾಟಿದರೆ ಈ ಬ್ಯಾಕ್ಟೀರಿಯಾದ ಮುಖ್ಯ ವಿಷವಾದ ಆಲ್ಫಾ ವಿಷದ ಉತ್ಪಾದನೆ ನಿಲ್ಲುತ್ತದೆ. ವಾರ್ಡಿನ ಮಾಸ್ಕ್‌ಗೆ ಆ ಮಟ್ಟ ಎಟುಕದು. ನಡುನಡುವೆ 5 ನಿಮಿಷ ಬರೀ ಗಾಳಿ ಕೊಡದಿದ್ದರೆ ಫಿಟ್ಸ್ ಬರಬಹುದು. ಒಳಗೆ ಕಳಿಸುವ ಮುನ್ನ ಎದೆಯ ಎಕ್ಸ್‌-ರೇ ಕಡ್ಡಾಯ: ನ್ಯೂಮೋಥೊರಾಕ್ಸ್ (ಶ್ವಾಸಕೋಶದ ಸುತ್ತ ಗಾಳಿ ಸೇರಿರುವುದು) ಇದ್ದರೆ ಮೊದಲು ಟ್ಯೂಬ್ ಹಾಕಿ. ಉಸಿರಾಟಕ್ಕೆ ಗಂಟಲಲ್ಲಿಳಿಸಿದ ನಳಿಗೆಯ ಕಫ್‌ಗೆ (ಅದರ ತುದಿಯ ಪುಟ್ಟ ಬಲೂನಿಗೆ) ಗಾಳಿ ಬದಲು ಸಲೈನ್ ತುಂಬಿ, ಇಲ್ಲವೆಂದರೆ ಒತ್ತಡಕ್ಕೆ ಕುಗ್ಗಿ ಸೋರುತ್ತದೆ. ಹತ್ತಿ ಬಟ್ಟೆ ಮಾತ್ರ. ವ್ಯಾಸಲಿನ್ ಹಚ್ಚಿದ ಗಾಜ್ ಇದ್ದರೆ ತೆಗೆಯಿರಿ, ಆಮ್ಲಜನಕದ ನಡುವೆ ಕಿಡಿ ತಾಗಿದರೆ ಮುಗಿಯಿತು.

ಚೇಂಬರ್ ದೂರದ ಊರಲ್ಲಿದ್ದರೆ, ಮೊದಲ ಕೊಯ್ತ ಇಲ್ಲೇ ಮುಗಿಸಿ ಆಂಬುಲೆನ್ಸ್ ಹತ್ತಿಸಿ.