ಅರವತ್ತು ದಾಟಿದವರನ್ನು ದಿಯೆಂಗ್ ಹತ್ತಿಸಿದ್ದು ಹೀಗೆ

ನಮ್ಮ ಗದಗ, ಹುಬ್ಬಳ್ಳಿ ಕಡೆ ಪ್ರವಾಸ ನಡೆಸುವವರಿಗೆ ಕಾಶಿ, ಚಾರ್‌ಧಾಮ್ ಅಂಗೈ ಮೇಲಿನ ಗೆರೆ. ನಾನು ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿರುವ ಜ್ವಾಲಾಮುಖಿ ಪ್ರಸ್ಥಭೂಮಿ ದಿಯೆಂಗ್ ಅಂದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಅಲ್ರೀ, ಬೆಂಕಿ ಗುಡ್ಡಕ್ಕ ವಯಸ್ಸಾದವ್ರನ್ನ ಕರ್ಕೊಂಡು ಹೊಂಟೀರಿ, ಅಲ್ಲಿ ಉಣ್ಣಾಕ ಏನ್ ಹಾಕ್ತೀರಿ?" ಕಳೆದ ಜುಲೈನಲ್ಲಿ ಹೋದ ತಂಡದವರೆಲ್ಲ ಸಿಕುನಿರ್ ಗುಡ್ಡ ಹತ್ತಿದರು. ಅರ್ಧಕ್ಕಿಂತ ಹೆಚ್ಚು ಮಂದಿ 2,565 ಮೀಟರ್ ಎತ್ತರದ ಪ್ರಾವು ನೆತ್ತಿಯನ್ನೂ ಮುಟ್ಟಿದರು. ಎಪ್ಪತ್ತರ ಹತ್ತಿರದ ನಿವೃತ್ತ ಮಾಸ್ತರರೊಬ್ಬರು ಎಲ್ಲರಿಗಿಂತ ಮುಂದಿದ್ದರು.

ಇದಕ್ಕೂ ಮೊದಲು ರೊಕ್ಕ ಸಾಕಷ್ಟು ಹೋಗಿದೆ. ಅಲ್ಲಿಯ ಏಜೆಂಟರ ಪದ್ಧತಿ ಎಂದರೆ ಯೋಗ್ಯಕರ್ತ ನಗರದಲ್ಲಿ ಇಳಿಸಿ ಒಂದೇ ದಿನದಲ್ಲಿ ದಿಯೆಂಗ್ ತೋರಿಸಿ ತರುವುದು. ಬೆಳಿಗ್ಗೆ ಹೊರಟು ನಾಲ್ಕು ತಾಸು ಬಸ್ಸಿನಲ್ಲಿ ಕೂತು ಮೇಲೆ ಹೋಗುವಷ್ಟರಲ್ಲಿ ಮೋಡ ಮುಸುಕಿ ಎಲ್ಲ ಬಿಳಿ. ಆ ತಂಡಕ್ಕೆ ತಲೆಗೆ ನಾಲ್ಕು ಸಾವಿರದಂತೆ ವಾಪಸ್ ಕೊಟ್ಟೆ, ಐವತ್ತು ಸಾವಿರದ ಮೇಲೆ ಕೈಬಿಟ್ಟಿತು. ಮುಂದಿನ ಸಲ ಏಜೆಂಟ್ ನಡುರಾತ್ರಿಯೇ ಹೊರಡಿಸಿದ. ತಿರುವುಗಳಲ್ಲಿ ವಾಂತಿ, ನಿದ್ದೆಗೇಡು, ಮೇಲೆ ಕೊರೆಯುವ ಚಳಿ. ಸೂರ್ಯ ಹುಟ್ಟುವಾಗ ಹೆಚ್ಚಿನವರು ಬಸ್ಸಿನಲ್ಲೇ ಮುದುಡಿ ಕೂತಿದ್ದರು.

ನಾನು ಕಟ್ಟಿದ ಕ್ರಮ ಬೇರೆ. ಏಜೆಂಟರನ್ನು ಬಿಟ್ಟು, ಮೇಲೆ ಹಳ್ಳಿಯಲ್ಲೇ ಅಡುಗೆಮನೆ ಇರುವ ಮನೆ ಹಿಡಿದೆ. ಎರಡು ಸಾವಿರ ಮೀಟರ್ ಎತ್ತರ, ಮೈ ಹೊಂದಿಕೊಳ್ಳಬೇಕು. ಮೊದಲ ದಿನ ಏರು ಇಲ್ಲವೇ ಇಲ್ಲ, ಅರ್ಜುನ ಗುಡಿಗಳ ಬಯಲಿನಲ್ಲಿ ಅಡ್ಡಾಡುವುದಷ್ಟೇ. ಜಾವಾದ ಅತಿ ಹಳೆಯ ಶಿವನ ಗುಡಿಗಳಲ್ಲಿ ಇವು ಸೇರಿವೆ. ಅರ್ಜುನ, ಭೀಮ, ಘಟೋತ್ಕಚ ಎಂಬ ಹೆಸರುಗಳನ್ನು ಜನ ಆಮೇಲೆ ಇಟ್ಟದ್ದು. ಗದಗಿನವರಿಗೆ ಪರದೇಶದ ಅಂಜಿಕೆ ಅಲ್ಲೇ ಅರ್ಧ ಇಳಿಯುತ್ತದೆ. ಮರುದಿನ ನಸುಕಿನಲ್ಲಿ ಸೆಂಬುಂಗನ್ ಹಳ್ಳಿಯಿಂದ ಸಿಕುನಿರ್, ನಿಧಾನ ನಡೆದರೂ ಮುಕ್ಕಾಲು ತಾಸು. ಪ್ರಾವು ಅದರ ಮರುದಿನ. ಪಾತಕ್ ಬಂತೆಂಗ್ ಕಡೆಯ ದಾರಿ ಹತ್ತಿರವಾದರೂ ಮೊಣಕಾಲು ಮುರಿಯುವಷ್ಟು ಕಡಿದು. ದಿಯೆಂಗ್ ಕಡೆಯದು ಉದ್ದ, ಏರು ಮೆಲ್ಲಗೆ. ಹತ್ತುವುದೂ ಇಳಿಯುವುದೂ ಅದರಲ್ಲೇ. ಊರಿಂದ ಹೊರಡುವ ಮೊದಲೇ ಎರಡು ತಿಂಗಳು ಪ್ರತಿ ಭಾನುವಾರ ಎಲ್ಲರನ್ನೂ ಕಪ್ಪತಗುಡ್ಡ ಹತ್ತಿಸಿರುತ್ತೇನೆ. ಅಲ್ಲಿ ನೆಪ ಹೇಳಿದವರನ್ನು ಕರೆದೊಯ್ಯುವುದಿಲ್ಲ.

ಊಟದ ಪ್ರಶ್ನೆಗೆ ಉತ್ತರ ಖಡಕ್ ರೊಟ್ಟಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಜೊತೆಗೆ ಕುಕ್ಕರ್. ಆ ಎತ್ತರದಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಹದವಾಗಲು ಬಹಳ ಹೊತ್ತು ಹಿಡಿಯುತ್ತದೆ. ಬಟಾಟೆ ಅಲ್ಲಿ ಮನೆ ಬಾಗಿಲಲ್ಲೇ ಬೆಳೆಯುತ್ತದೆ. ಸಂಜೆಗೆ ಟೆಂಪೆ ಕೆಮುಲ್, ಹಿಟ್ಟಿನಲ್ಲಿ ಅದ್ದಿ ಕರಿದ ಸೋಯಾ ಬಿಲ್ಲೆ. ಮಿರ್ಚಿ ಭಜಿ ಮಂದಿ ಅದನ್ನು ಬೇಗ ಒಪ್ಪಿಕೊಂಡರು. ರೊಟ್ಟಿ ಒಂದೂ ಮುರಿಯದಂತೆ ವಿಮಾನದಲ್ಲಿ ಹೇಗೆ ಒಯ್ಯುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಸಿಕಿಡಾಂಗ್ ಕುಳಿಯಲ್ಲಿ ಬಿಸಿ ಕೆಸರು ಕೊತಕೊತ ಕುದಿಯುತ್ತದೆ, ಅಲ್ಲಿ ಮೊಟ್ಟೆ ಬೇಯಿಸಿ ಮಾರುತ್ತಾರೆ. ಅವರಿಗೆ ಹೇಳಿ ನಮ್ಮ ಶೇಂಗಾಕಾಯಿಯನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಡಿಸಿದೆ. ಬೆಂದವು, ಆದರೆ ಗಂಧಕದ ನಾತಕ್ಕೆ ಯಾರೂ ಎರಡನೆಯದು ಸುಲಿಯಲಿಲ್ಲ. ಅಲ್ಲೇ ಇನ್ನೊಂದು ಗಮನಕ್ಕೆ ಬಂತು: ಹೆಣ್ಣುಮಕ್ಕಳ ಕಾಲುಂಗುರ, ಮಾಸ್ತರರ ಕೊರಳಿನ, ಇಷ್ಟಲಿಂಗ ಇಡುವ ಬೆಳ್ಳಿ ಕರಡಿಗೆ ಮಸಿ ಬಳಿದಂತೆ ಕಪ್ಪಾದವು. ಮಾಸ್ತರರು ಮಾತೇ ಆಡದಷ್ಟು ಕಳವಳಗೊಂಡರು. ಹೊಗೆಯಲ್ಲಿರುವ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯ ಮೇಲ್ಪದರ ಹಿಡಿದದ್ದಷ್ಟೇ. ಅವರು ಲಿಂಗವನ್ನು ಬೇರೆ ವಸ್ತ್ರದಲ್ಲಿ ಕಟ್ಟಿಕೊಂಡ ಮೇಲೆ, ಪಾತ್ರೆಯಲ್ಲಿ ಅಲ್ಯೂಮಿನಿಯಂ ಹಾಳೆ ಹಾಸಿ, ಅಡುಗೆ ಸೋಡಾದ ಬಿಸಿನೀರು ಸುರಿದು ಬರೀ ಕರಡಿಗೆಯನ್ನು ಅದ್ದಿಟ್ಟೆ. ಸ್ವಲ್ಪ ಹೊತ್ತಿನಲ್ಲಿ ಮೊದಲಿನ ಹೊಳಪು ಬಂತು. ಈಗ ಬೆಳ್ಳಿಯನ್ನೆಲ್ಲ ಮೊದಲೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಸುತ್ತೇನೆ.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. 1979ರ ಫೆಬ್ರವರಿಯಲ್ಲಿ ಇದೇ ದಿಯೆಂಗ್‌ನ ಸಿನಿಲಾ ಕುಳಿಯ ಕಡೆ ಇಂಗಾಲದ ಡೈಆಕ್ಸೈಡ್ ಹೊರಬಿದ್ದು ಸುಮಾರು 149 ಜನ ಸತ್ತರು. ಆ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ ಮಡುಗಟ್ಟುತ್ತದೆ, ಬಣ್ಣವಿಲ್ಲ, ವಾಸನೆಯೂ ಇಲ್ಲ. ಗುರುತು ಮಾಡಿದ ದಾರಿ ಬಿಟ್ಟು ತಗ್ಗಿಗೆ ಇಳಿಯಲು ಯಾರಿಗೂ ಬಿಡುವುದಿಲ್ಲ, ಫೋಟೋಕ್ಕೂ ಇಲ್ಲ.

ಪ್ರಾವು ಇಳಿದ ಸಂಜೆ ವೊನೊಸೊಬೊ ಊರಿನ ಹತ್ತಿರದ ಕಲಿಯಾಂಗೆಟ್ ಬಿಸಿನೀರಿನ ಕೊಳ. ಕಾಲು ತಾಸು ಇಳಿಬಿಟ್ಟು ಮೇಲೆ ಕೂರಿಸಿ, ನೀರು ಕುಡಿಸಿ, ಮತ್ತೆ ಕಾಲು ತಾಸು. ರಕ್ತದೊತ್ತಡ ಇರುವವರಿಗೆ ಮೊಣಕಾಲಿನವರೆಗೆ ಮಾತ್ರ. ಮರುದಿನ ಮೆಟ್ಟಿಲು ಇಳಿಯಲು ಯಾರೂ ಗೋಡೆ ಹಿಡಿಯಲಿಲ್ಲ. ರಾತ್ರಿ ಚಳಿಗೆ ಕಂಬಳಿ ಸಾಲದು. ಜುಲೈ, ಆಗಸ್ಟಿನಲ್ಲಿ ಗುಡಿಯ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುವುದುಂಟು. ಬಿಸಿನೀರು ತುಂಬಿದ ಸ್ಟೀಲ್ ಬಾಟಲಿಗೆ ಕಾಲುಚೀಲ ತೊಡಿಸಿ ಹಾಸಿಗೆಯ ಕಾಲದೆಸೆಯಲ್ಲಿ ಇಟ್ಟರೆ ಬೆಳಗಿನವರೆಗೆ ನಿದ್ದೆ.

ಖರ್ಚು ತಲೆಗೆ ಎಪ್ಪತ್ತೈದು ಸಾವಿರದ ಆಸುಪಾಸು. ಬೆಂಗಳೂರಿನಿಂದ ಕೌಲಾಲಂಪುರ ಹಾದು ಹೋಗಿಬರುವ ವಿಮಾನಕ್ಕೆ ಮೂವತ್ತೈದು, ಇಳಿದಲ್ಲೇ ಸಿಗುವ ವೀಸಾಕ್ಕೆ ಅಲ್ಲಿಯ ಐದು ಲಕ್ಷ ರುಪಿಯಾ, ಅಂದರೆ ನಮ್ಮ ಮೂರು ಸಾವಿರದೊಳಗೆ. ಮನೆ, ಬಾಡಿಗೆ ಬಸ್ಸು, ಕಿರಾಣಿ ಉಳಿದದ್ದರಲ್ಲಿ. ಏಜೆಂಟರು ಇದಕ್ಕೇ ಲಕ್ಷದ ಮೇಲೆ ಹೇಳಿದ್ದರು. ಆ ಹಳ್ಳಿಯ ಮನೆ ಮಾಲೀಕರ ನಂಬರ್ ಕೇಳಿ ಬಹಳ ಮಂದಿ ಫೋನ್ ಮಾಡುತ್ತಾರೆ, ಕೊಡುವುದಿಲ್ಲ. ಕ್ರಮವೆಲ್ಲ ಮೇಲೆ ಬರೆದಿದ್ದೇನೆ, ಮನೆ ನೀವೇ ಹುಡುಕಿಕೊಳ್ಳಿ.