ಪರಿಹಾರ ಮಂಜೂರಾಯ್ತು, ಸರಿ. ತಾರೀಖು ನೋಡಿದಿರಾ?

ಅಮೆರಿಕದ ಮಾಜಿ ಯೋಧರಿಗೆ ಅಂಗವೈಕಲ್ಯ ಪರಿಹಾರ ಕೊಡುವುದು ವೆಟರನ್ಸ್ ಅಫೇರ್ಸ್ ಇಲಾಖೆ. ಎಲ್ಲರೂ ಕರೆಯುವುದು ವಿಎ ಅಂತ. ಅಲ್ಲಿಂದ ಪತ್ರ ಬಂದ ಕೂಡಲೇ ಕಣ್ಣು ಹೋಗುವುದು ಅಂಗವೈಕಲ್ಯ ಶೇಕಡಾ ಎಷ್ಟು ಅಂತ ಕೊಟ್ಟಿದ್ದಾರೆ ಅನ್ನುವ ಕಡೆಗೆ. ಜೊತೆಗೇ ‘ಎಫೆಕ್ಟಿವ್ ಡೇಟ್’ ಅಂತ ಒಂದು ತಾರೀಖೂ ಇರುತ್ತದೆ. ಬಾಕಿ ಹಣದ ಲೆಕ್ಕ ಶುರುವಾಗುವುದು ಅಲ್ಲಿಂದ.

ಗಾಯ ಯಾವಾಗ ಆಯ್ತು ಅನ್ನುವುದಷ್ಟೇ ಇಲ್ಲಿ ಸಾಲದು. ಅರ್ಜಿ ವಿಎ ಕೈ ಸೇರಿದ ದಿನ, ಆ ತೊಂದರೆಗೆ ಪರಿಹಾರ ಪಡೆಯುವ ಅರ್ಹತೆ ಬಂದ ದಿನ, ಇವೆರಡರಲ್ಲಿ ಯಾವುದು ತಡವೋ ಅದನ್ನೇ ಸಾಮಾನ್ಯವಾಗಿ ಹಿಡಿಯುತ್ತಾರೆ. ಸೇನೆ ಬಿಟ್ಟ ಒಂದು ವರ್ಷದೊಳಗೆ ಅರ್ಜಿ ಹಾಕಿದ್ದರೆ ಮಾತ್ರ ಬಿಟ್ಟ ಮರುದಿನದಿಂದಲೇ ಸಿಗಬಹುದು.

ಹಾಗಾಗಿ ಮೊದಲ ಕೆಲಸ, ಹಳೆಯ ಕಾಗದ ಹುಡುಕುವುದು. ಮುಖ್ಯವಾಗಿ ‘ಇಂಟೆಂಟ್ ಟು ಫೈಲ್’. ಅರ್ಜಿ ಹಾಕುತ್ತೇನೆ ಅಂತ ಮೊದಲೇ ತಿಳಿಸಿಟ್ಟರೆ ಆ ತಾರೀಖು ಒಂದು ವರ್ಷ ನಿಮ್ಮ ಹೆಸರಲ್ಲಿ ಇರುತ್ತದೆ. ಒಂದು ಲೆಕ್ಕ ನೋಡಿ. 2023ರ ಮಾರ್ಚ್ 10ಕ್ಕೆ ಇಂಟೆಂಟ್ ಕೊಟ್ಟಿರಿ, 2024ರ ಫೆಬ್ರುವರಿ 20ಕ್ಕೆ ಅರ್ಜಿ. ವಿಎ ಫೆಬ್ರುವರಿಯದ್ದನ್ನೇ ಹಿಡಿದರೆ 11 ತಿಂಗಳ ಹಣ ಹೋಯ್ತು. ಒಬ್ಬಂಟಿಯಾಗಿದ್ದು 70% ಇದ್ದವರಿಗೆ ಅದು 18 ಸಾವಿರ ಡಾಲರ್‌ಗಿಂತ ಜಾಸ್ತಿ!

ಇನ್ನು ತಪ್ಪಾದ ತಾರೀಖು ಸರಿಪಡಿಸಲು ದಾರಿ ಯಾವುದು? 2019ರ ಫೆಬ್ರುವರಿಯಿಂದ ಮೂರಿವೆ. ಆ ಇಂಟೆಂಟ್ ವಿಎ ಕಡತದಲ್ಲೇ ಇದ್ದು, ನೋಡಿದವರ ಕಣ್ಣು ತಪ್ಪಿದ್ದರೆ ‘ಹೈಯರ್ ಲೆವೆಲ್ ರಿವ್ಯೂ’ ಕೇಳಿ. ಫಾರ್ಮ್ 20-0996. ಹಿರಿಯ ಅಧಿಕಾರಿಯೊಬ್ಬರು ಮತ್ತೆ ನೋಡುತ್ತಾರೆ, ಬೇಕಿದ್ದರೆ ಫೋನಿನಲ್ಲಿ ಮಾತಾಡಿ ತಪ್ಪು ಎಲ್ಲಿದೆ ಅಂತ ತೋರಿಸಬಹುದು. ಆದರೆ ಹೊಸ ದಾಖಲೆ ಒಂದನ್ನೂ ತೆಗೆದುಕೊಳ್ಳುವುದಿಲ್ಲ. ಕಡತದಲ್ಲಿ ಇಲ್ಲ, ಫ್ಯಾಕ್ಸ್ ಹೋದ ರಸೀದಿ ಮನೆಯಲ್ಲಿದೆ ಅಂದರೆ ಹೊಸ ದಾಖಲೆ ಸೇರಿಸಿ ಹಾಕುವ ‘ಸಪ್ಲಿಮೆಂಟಲ್ ಕ್ಲೇಮ್’, ಫಾರ್ಮ್ 20-0995. ಮೂರನೆಯದು ವಿಎಯ ಮೇಲ್ಮನವಿ ಮಂಡಳಿಗೆ, ಅಂದರೆ ಬೋರ್ಡ್‌ಗೆ ಮೇಲ್ಮನವಿ, ಫಾರ್ಮ್ 10182. ಅಲ್ಲಿ ನ್ಯಾಯಾಧೀಶರು ನೋಡುತ್ತಾರೆ, ಕಾಯುವುದು ಜಾಸ್ತಿ. ಇಂಥ ಸರಳ ತಪ್ಪಿಗೆ ನೇರ ಅಲ್ಲಿಗೇ ಓಡಬೇಕಿಲ್ಲ ಅಂತ ನನ್ನ ಅನಿಸಿಕೆ.

ಯಾವುದನ್ನೇ ಹಿಡಿದರೂ ಪತ್ರದ ಮೇಲಿನ ತಾರೀಖಿನಿಂದ ಒಂದು ವರ್ಷದೊಳಗೆ ಹಾಕಿ. ಇಲ್ಲಿ ಬಹಳ ಜನ ಎಡವುತ್ತಾರೆ. ವರ್ಷ ಕಳೆದ ಮೇಲೆ ‘ತಾರೀಖು ತಪ್ಪಿದೆ’ ಅಂತ ಸುಮ್ನೆ ಇನ್ನೊಂದು ಅರ್ಜಿ ಹಾಕಿದರೆ ನಡೆಯುವುದಿಲ್ಲ. 2006ರ ರಡ್ ಪ್ರಕರಣದಲ್ಲಿ ನ್ಯಾಯಾಲಯ ಇದನ್ನು ಹೇಳಿಬಿಟ್ಟಿದೆ. ಆಮೇಲೆ ಉಳಿಯುವುದು, ಹಳೆಯ ತೀರ್ಮಾನದಲ್ಲಿ ಎದ್ದು ಕಾಣುವ ತಪ್ಪಿತ್ತು ಅಂತ ಸಾಧಿಸುವುದು. ಅದು ತುಂಬಾ ಕಷ್ಟ. ಅಂದು ವಿಎ ಕೈಗೆ ಸಿಗದಿದ್ದ ಸೇನಾ ದಾಖಲೆ ಈಗ ಸಿಕ್ಕಿದ್ದರೆ ಮಾತ್ರ ಬೇರೆ ಮಾತು, ಹಳೆಯ ಅರ್ಜಿಯ ದಿನದವರೆಗೂ ಹಿಂದೆ ಹೋಗುವ ಅವಕಾಶ ಇದೆ.

ಫಾರ್ಮ್ ತುಂಬಲು ಕೈ ನಡುಗಿದರೆ ಮಾಜಿ ಯೋಧರ ಸಂಘಗಳ ಮಾನ್ಯತೆ ಪಡೆದ ಪ್ರತಿನಿಧಿಗಳಿದ್ದಾರೆ. ಅವರು ದುಡ್ಡು ತೆಗೆದುಕೊಳ್ಳುವುದಿಲ್ಲ. ಹೋಗುವಾಗ ಪತ್ರದ ಜೊತೆ ಆ ಫ್ಯಾಕ್ಸ್ ರಸೀದಿಯನ್ನೂ ಮರೆಯದೆ ಒಯ್ಯಿರಿ.